ಗಂಡನ ಹೆಸರು ಕೇಳಬೇಡಿ

ಈಚೆಗೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತಳು. ಅವರ ಕಾಲೇಜಿಗೆ ನಾನೊಮ್ಮೆ ಪಾಠ ಮಾಡಲು ಹೋಗಿದ್ದೆನಂತೆ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು, "ಮೇಡಂ, ಮರವಿನ ಪೇಶಂಟ್ ಬಂದ್ರ ಮೊದಲ ಏನ್ ಮಾಡಬೇಕ್ರಿ?" ನಾನು "ಕುಂದರಬೇಕು" ಎಂದೆ. ಬರೆದುಕೊಳ್ಳಲು ಪೆನ್ನು ತೆಗೆದವಳು ಅದನ್ನು ಹಾಗೇ ಹಿಡಿದುಕೊಂಡು ಮುಂದಿನ ಮಾತಿಗೆ ಕಾದಳು. ಅಷ್ಟರಲ್ಲಿ ಬಸ್ಸು ಬಂತು, ಸೀಟಿಗಾಗಿ ನಾನು ಓಡಿದೆ. ಆ ಹುಡುಗಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಿಂಗಸುಗೂರಿನಲ್ಲಿ ನರ್ಸ್ ಕೆಲಸಕ್ಕೆ ಸೇರಿ, ಸಿಂಧನೂರಿನಲ್ಲಿ ಬಹುಕಾಲ ದುಡಿದು, ಮಸ್ಕಿಯಲ್ಲಿ ನಿವೃತ್ತಳಾದವಳು. ಯಾವ ಬಡ್ತಿ ಯಾವಾಗ ಬಂತು ಎಂಬುದನ್ನು ನನ್ನ ಗಂಡ ಬೇಕಾದರೆ ಹೇಳಿಯಾರು. ನೆಂಟರ ಮುಂದೆ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿದೆ. ಊರಿನ ಹೆಸರು ಹೇಳಿದೆ, ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಹೆಸರು ಹೇಳದಿರುವುದಕ್ಕೆ ನಮ್ಮ ಕಡೆ ಮರ್ಯಾದೆ ಎನ್ನುತ್ತಾರೆ. ಆ ಮರ್ಯಾದೆಯಿಂದ ಒಮ್ಮೆ ನಮ್ಮ ವಾರ್ಡಿನಲ್ಲಿ ಏನಾಯಿತು ಎಂಬುದೇ ಈ ಬರಹದ ಮುಖ್ಯ ಸಂಗತಿ. ಅಲ್ಲಿಗೆ ಹೋಗುವ ಮೊದಲು ಒಂದಷ್ಟು ಹಿನ್ನೆಲೆ ಬೇಕು.

ನಾನು ಕೆಲಸಕ್ಕೆ ಸೇರಿದಾಗ ಮರೆವು ಒಂದು ಕಾಯಿಲೆ ಎಂದು ಯಾರೂ ಅನ್ನುತ್ತಿರಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂಬ ಮಾತೊಂದಿತ್ತಲ್ಲ, ಅದೇ ರೋಗನಿದಾನ, ಅದೇ ಚಿಕಿತ್ಸೆ. ಮರೆತವರು ಮರೆವಿನ ಸಲುವಾಗಿ ಆಸ್ಪತ್ರೆಗೆ ಬರುತ್ತಲೂ ಇರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಜ್ವರ ಬಂದು, ಉಸಿರು ಹಿಡಿದು ಬರುತ್ತಿದ್ದರು. ಮರೆವು ಅವರ ಜೊತೆಗೆ ಟಿಕೆಟ್ ಇಲ್ಲದೆ ಬರುತ್ತಿತ್ತು. ನಾವು ಸೊಂಟ ನೋಡುತ್ತಿದ್ದೆವು, ಜ್ವರ ನೋಡುತ್ತಿದ್ದೆವು. ಅವರು ಮಂಚದಿಂದ ಇಳಿದು ಮನೆಗೆ ಹೊರಟರೆ ಬೈಯುತ್ತಿದ್ದೆವು.

ಲಿಂಗಸುಗೂರಿನಲ್ಲಿ ನನ್ನ ಮೇಲೆ ಒಬ್ಬ ದೊಡ್ಡ ಸಿಸ್ಟರ್ ಇದ್ದರು. ಎತ್ತರದ ಹೆಂಗಸು, ನಡೆದರೆ ವಾರ್ಡು ಸುಮ್ಮನಾಗುತ್ತಿತ್ತು. ಮಾತು ಕೇಳದ ಮುದುಕರ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟುವುದರಲ್ಲಿ ಅವರು ನಿಪುಣೆ. ಚರ್ಮ ಕೆಂಪಾಗದ ಹಾಗೆ ಒಳಗೆ ಹತ್ತಿ ಇಟ್ಟು, ಬೆರಳು ಬೆಚ್ಚಗಿವೆಯೇ ಎಂದು ಮುಟ್ಟಿ ನೋಡಿ, ಅಚ್ಚುಕಟ್ಟಾಗಿ ಕಟ್ಟುತ್ತಿದ್ದರು. ಕೆಟ್ಟವರೆಂದು ಹೇಳಲಾರೆ. ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದಾಗ, ಸಲೈನ್ ಸೂಜಿ ಕಿತ್ತುಕೊಂಡು ರಕ್ತ ಸುರಿಸುವ ಮುದುಕನನ್ನು ಬೇರೇನು ಮಾಡಬೇಕು ಎಂದು ಅವರು ಕೇಳಿದರೆ ಯಾರ ಬಳಿಯೂ ಉತ್ತರ ಇರಲಿಲ್ಲ. ನನಗೆ ಮಾತ್ರ ಒಂದು ಕುತೂಹಲ ಹುಟ್ಟಿಕೊಂಡಿತ್ತು. ಕಟ್ಟಿದ ಕೈ ಏನು ಮಾಡಲು ಹೊರಟಿತ್ತು?

ಇದಕ್ಕೆ ಮೊದಲ ಉತ್ತರ ಸಿಕ್ಕಿದ್ದು ಸಿಂಧನೂರಿನಲ್ಲಿ. ತುರ್ವಿಹಾಳದ ಕಡೆಯ ಒಬ್ಬ ಅಜ್ಜ ನಿಮೋನಿಯಾ ಆಗಿ ಬಂದಿದ್ದ. ಪ್ರಾಯದಲ್ಲಿ ಕಾಲುವೆಯ ಲಸ್ಕರ್ ಆಗಿದ್ದವನು. ಲಸ್ಕರ್ ಎಂದರೆ ತೂಬಿನ ಗೇಟು ಏರಿಸಿ ಇಳಿಸಿ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡುವವನು. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಹೊತ್ತಿಗೆ ಈತ ತನ್ನ ಸಲೈನ್ ಬಾಟಲಿಯ ಗಾಲಿಯನ್ನು ಪೂರ್ತಿ ಬಂದ್ ಮಾಡಿ, ಪಕ್ಕದ ಮಂಚದವನದನ್ನು ಜೋರಾಗಿ ಬಿಟ್ಟಿದ್ದ. ಪಕ್ಕದವನು ಹೃದಯದ ರೋಗಿ, ಸಲೈನ್ ಜೋರಾಗಿ ಹೋದರೆ ಜೀವಕ್ಕೇ ಕುತ್ತು. ನಾವು ಓಡಿ ಬಂದು ನಿಲ್ಲಿಸಿ, ಅಜ್ಜನ ಮೇಲೆ ಕೂಗಾಡಿದೆವು. ಅಜ್ಜ ನಮಗಿಂತ ಜೋರು: "ಮ್ಯಾಲಿನವ್ರೇ ಎಲ್ಲಾ ಕುಡದ್ರ ಕೆಳಗಿನವ್ರಿಗೆ ನೀರು ಎಲ್ಲೀದು? ಆತನ ಹೊಲ ಒಣಗಾಕತ್ತೈತಿ, ನಿಮಗ ಕಣ್ಣಿಲ್ಲೇನು?"

ಕೈ ಕಟ್ಟೋಣ ಎಂದರು ಒಬ್ಬರು. ಆಗ ಹೊಸದಾಗಿ ಸೇರಿದ್ದ ಶಬಾನಾ ಎಂಬ ನರ್ಸ್ ಮುಂದೆ ಬಂದಳು. ಸಿಂಧನೂರಿನವಳೇ, ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ನಾಲಿಗೆ ಚುರುಕು. ಅಜ್ಜನ ಮುಂದೆ ನೆಟ್ಟಗೆ ನಿಂತು ಹೇಳಿದಳು, "ಲಸ್ಕರ್ ಸಾಹೇಬ್ರ, ಮ್ಯಾಲಿನ ಆಫೀಸಿಂದ ಹುಕುಂ ಬಂದೈತ್ರಿ. ಸಾಹೇಬ್ರು ಬರೂತನಾ ಯಾವ ಗೇಟೂ ಮುಟ್ಟಂಗಿಲ್ಲ." ಅಜ್ಜ ಕೈ ಹಿಂದೆ ಕಟ್ಟಿಕೊಂಡು "ಆತ್ರಿ" ಎಂದ. ಆಮೇಲೆ ಮನೆಗೆ ಹೋಗುವವರೆಗೆ ಗಾಲಿ ಮುಟ್ಟಲಿಲ್ಲ. ಯಾರಾದರೂ ಮುಟ್ಟಿದರೆ ಗದರಿಸುತ್ತಿದ್ದ, ನಮ್ಮನ್ನೂ ಸೇರಿಸಿ.

ನನಗೆ ಅಚ್ಚರಿ ಎನಿಸಿದ್ದು ಶಬಾನಾಳ ಜಾಣತನಕ್ಕಿಂತ ಅಜ್ಜನ ತಲೆಯೊಳಗಿನ ವ್ಯವಸ್ಥೆ. ಮಗನ ಮುಖ ಹೋಗಿದೆ, ಊರು ಹೋಗಿದೆ, ಇವತ್ತು ಉಂಡದ್ದು ಹೋಗಿದೆ. ಕೊನೆಯ ಹೊಲಕ್ಕೆ ನೀರು ಮುಟ್ಟಬೇಕು ಎಂಬ ಚಿಂತೆ ಮಾತ್ರ ಉಳಿದಿದೆ, ಅದರ ಜೊತೆಗೆ ಮೇಲಿನವರ ಹುಕುಮಿಗೆ ತಲೆಬಾಗುವುದೂ ಉಳಿದಿದೆ. ಹೋಗುವುದು ಯಾವುದು, ಉಳಿಯುವುದು ಯಾವುದು? ಇದನ್ನು ಯಾರು ಆರಿಸುತ್ತಾರೆ? ಈ ಪ್ರಶ್ನೆ ನನ್ನನ್ನು ನಿವೃತ್ತಿಯವರೆಗೂ ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ.

ಉಳಿಯುವುದೆಲ್ಲ ಒಳ್ಳೆಯದೇ ಎಂದುಕೊಳ್ಳಬೇಡಿ. ಅದೇ ವಾರ್ಡಿನಲ್ಲಿ ಒಬ್ಬ ಅಮ್ಮ ಇದ್ದಳು. ಹೆತ್ತ ಮಗಳನ್ನು "ನೀ ಯಾರವಾ" ಎಂದು ಕೇಳುತ್ತಿದ್ದಳು. ನಾನು ನೀರು ಕೊಟ್ಟರೆ ಲೋಟ ಮುಟ್ಟುವ ಮೊದಲು "ನೀ ಯಾರ ಪೈಕಿ?" ಎನ್ನುತ್ತಿದ್ದಳು. ಮಗಳನ್ನು ಮರೆತಿದ್ದಳು, ನನ್ನ ಜಾತಿ ಕೇಳುವುದನ್ನು ಮರೆತಿರಲಿಲ್ಲ. ನಮ್ಮಪ್ಪ ಬೌದ್ಧನಾಗಿ ನಮ್ಮನ್ನೆಲ್ಲ ಓದಿಸಿದ್ದು ಈ ಪ್ರಶ್ನೆಯಿಂದ ದೂರ ಹೋಗಲೆಂದು. ಅದು ಬಿಳಿ ಮಂಚದ ಮೇಲೆ ಮಲಗಿ ನನಗಾಗಿ ಕಾಯುತ್ತಿತ್ತು. ಸಿಟ್ಟು ಬರುತ್ತಿತ್ತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. "ನಾ ನರ್ಸರ ಪೈಕಿ, ಕುಡಿಬೇ" ಎಂದು ಲೋಟ ಕೈಗಿಡುತ್ತಿದ್ದೆ. ಕುಡಿಯುತ್ತಿದ್ದಳು. ಮಗಳು ನಾಚಿಕೆಯಿಂದ ಕಿಟಕಿಯ ಕಡೆ ನೋಡುತ್ತಿದ್ದಳು.

ಕೊನೆಯ ವರ್ಷಗಳಲ್ಲಿ ನನಗೆ ಒಂದು ಕೆಲಸ ಗಂಟುಬಿತ್ತು. ದೂರದ ನಗರದಲ್ಲಿ ತರಬೇತಿ ಪಡೆದು ಬಂದು, ಈ ಮೂರೂ ಊರುಗಳ ನರ್ಸುಗಳಿಗೆ ಮರೆವಿನ ರೋಗಿಗಳ ಆರೈಕೆ ಕಲಿಸಬೇಕಿತ್ತು. ನಗರದಲ್ಲಿ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು, ಚೆನ್ನಾಗಿತ್ತು. ಊರಿಗೆ ಬಂದು ನಾನು ಬೇರೆ ದಾರಿ ಹಿಡಿದೆ. ಮೊದಲ ದಿನವೇ ಒಬ್ಬರನ್ನು ಮಂಚದ ಮೇಲೆ ಮಲಗಿಸಿ, ಕಿವಿಗೆ ಹತ್ತಿ ತುಂಬಿ, ಬೇರೆಯವರ ದಪ್ಪ ಕನ್ನಡಕ ಹಾಕಿಸಿ, ಚಪ್ಪಲಿ ಬಚ್ಚಿಟ್ಟೆ. ಉಳಿದವರಿಗೆ ಆತನ ಸುತ್ತ ಗಡಿಬಿಡಿಯಿಂದ ಓಡಾಡಲು ಹೇಳಿದೆ. ಮಸ್ಕಿಯ ಹನುಮೇಶ ಎಂಬ ಗಂಡು ನರ್ಸ್ ಮಲಗಿದ. ಶಾಂತ ಸ್ವಭಾವದವನು, ಯಾರ ಜೊತೆಗೂ ಜಗಳವಾಡಿದವನಲ್ಲ. ಹಿಂದಿನಿಂದ ಯಾರೋ ಹೇಳದೆ ಕೇಳದೆ ಥರ್ಮಾಮೀಟರ್ ಕಂಕುಳಲ್ಲಿ ತುರುಕಿದ್ದೇ ತಡ, ಎದ್ದು ಕೂತು ಕೈ ಬೀಸಿದ. ಆಮೇಲೆ ತಾನೇ ನಾಚಿಕೊಂಡ. "ಈಗ ಹೇಳು, ನಿನ್ನ ಕೈ ಕಟ್ಟಬೇಕೇನು?" ಎಂದೆ. ಇಡೀ ಕೋಣೆ ನಕ್ಕಿತು. ಪಾಠದ ಅರ್ಧ ಅಲ್ಲಿಗೇ ಮುಗಿಯಿತು.

ಎರಡನೆಯ ಅರ್ಧ ಅಷ್ಟು ಸುಲಭವಿರಲಿಲ್ಲ. ಮರೆವು ಎಷ್ಟಿದೆ ಎಂದು ತಿಳಿಯಲು ಕೆಲವು ಪ್ರಶ್ನೆ ಕೇಳಬೇಕು. ನಗರದವರು ಗಡಿಯಾರದ ಚಿತ್ರ ಬಿಡಿಸಲು ಹೇಳಿ ಎಂದಿದ್ದರು. ಪಾಮನಕಲ್ಲೂರಿನ ಮುದುಕಿಯೊಬ್ಬಳ ಕೈಗೆ ಪೆನ್ನು ಕೊಟ್ಟೆವು. ಜೀವಮಾನದಲ್ಲಿ ಪೆನ್ನು ಹಿಡಿಯದ ಕೈ ಅದು. ತಿರುಗಿಸಿ ಮುರುಗಿಸಿ ನೋಡಿ ಹೇಳಿದಳು, "ನಮ್ಮನ್ಯಾಗ ಗಡಿಯಾರಿಲ್ಲವಾ, ಕೋಳಿ ಐತಿ. ಕೋಳಿ ಬಿಡಸ್ಲೇನು?" ಆ ಮುದುಕಿಗೆ ಮರೆವು ಇರಲೇ ಇಲ್ಲ ಎಂದು ಬೇರೆ ಹೇಳಬೇಕಿಲ್ಲ.

ಹೀಗಾಗಿ ನಾವೇ ಕೂತು ನಮ್ಮ ಕಡೆಗೆ ಒಪ್ಪುವ ಪ್ರಶ್ನೆಗಳನ್ನು ಕಟ್ಟಿಕೊಂಡೆವು. ನಿಮ್ಮೂರು ಯಾವುದು, ಮಕ್ಕಳೆಷ್ಟು, ಮೊನ್ನೆ ಹೋದದ್ದು ಅಮಾಸಿಯೋ ಹುಣ್ಣಿಮೆಯೋ, ಗಂಡನ ಹೆಸರೇನು, ಹೆಂಡತಿಯ ಹೆಸರೇನು. ಎಲ್ಲರಿಗೂ ಸಮಾಧಾನವಾಯಿತು. ಓದು ಬರಹ ಬೇಡ, ಪೆನ್ನು ಬೇಡ, ನಮ್ಮದೇ ಮಾತು. ಆ ಕೋಣೆಯಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಇದೇ ನೆಲದ ಹೆಣ್ಣುಮಕ್ಕಳು. ಒಬ್ಬರಿಗೂ ಸಂಶಯ ಬರಲಿಲ್ಲ.

ಇನ್ನು ಸಂಗವ್ವನ ಕಥೆ.

ಮಸ್ಕಿಯ ಹೆಂಗಸರ ವಾರ್ಡಿಗೆ ಸಂತೆಕಲ್ಲೂರಿನಿಂದ ಸಂಗವ್ವ ಎಂಬಾಕೆ ಬಂದಳು. ಎದೆಯಲ್ಲಿ ಕಫ ಕಟ್ಟಿ ಜ್ವರ. ಮರೆವು ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. ಜೊತೆಗೆ ಗಂಡ ಅಮರಪ್ಪ. ತೆಳ್ಳಗಿನ ಮನುಷ್ಯ, ತಲೆಗೆ ರುಮಾಲು, ಯಾರು ಮಾತಾಡಿಸಿದರೂ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದರು. ಆದರೂ ಹೆಂಡತಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಸೀರೆ ಉಡಿಸುವುದು ಎಲ್ಲವನ್ನೂ ಅಮರಪ್ಪನವರೇ ಮಾಡುತ್ತಿದ್ದರು. ಸೊಸೆಯೇ ನನಗೆ ಹೇಳಿದಳು, "ನಮಗ ಮುಟ್ಟಗೊಡಂಗಿಲ್ರಿ ಮಾವ. ಆಕಿ ಕೂದಲ ಜಗ್ಗಿದ್ರ ಅಳ್ತಾಳ, ನನಗ ಗೊತ್ತೈತಿ ಅಂತಾರ."

ಮನೆಯಲ್ಲಿ ಚೆನ್ನಾಗಿ ಉಣ್ಣುತ್ತಿದ್ದ ಸಂಗವ್ವ ಆಸ್ಪತ್ರೆಯಲ್ಲಿ ಬಾಯಿ ತೆರೆಯಲಿಲ್ಲ. ಅಮರಪ್ಪ ತಟ್ಟೆ ಹಿಡಿದು ಮಂಚದ ಬಳಿ ಬಂದರೆ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ತುತ್ತು ಮುಂದೆ ಹಿಡಿದರೆ ತಲೆ ಅಲ್ಲಾಡಿಸುತ್ತಿದ್ದಳು. ಆಯಾ ಕೊಟ್ಟರೆ ಒಂದೆರಡು ಗುಟುಕು ಗಂಜಿ, ಅಷ್ಟೇ. ಶಬಾನಾ ಆಗ ಮಸ್ಕಿಗೆ ವರ್ಗವಾಗಿ ಬಂದಿದ್ದಳು, ನನ್ನ ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವಳು. ನಮ್ಮ ಪ್ರಶ್ನೆಗಳನ್ನು ಮೃದುವಾಗಿಯೇ ಕೇಳಿದಳು. ಊರು ಯಾವುದೆಂದರೆ ಸಂಗವ್ವ ತವರಿನ ಹೆಸರು ಹೇಳಿದಳು. ಮಕ್ಕಳ ಲೆಕ್ಕ ತಪ್ಪಿದಳು. ಅಮರಪ್ಪನವರನ್ನು ತೋರಿಸಿ "ಇವ್ರು ಯಾರವ್ವ? ಹೆಸರು ಹೇಳು" ಎಂದಾಗ ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಸುಮ್ಮನಾದಳು. ಶಬಾನಾ ಇನ್ನೊಮ್ಮೆ ಕೇಳಿದಾಗ ಗೋಡೆಯ ಕಡೆ ತಿರುಗಿದಳು.

ಡಾಕ್ಟರಿಗೆ ವಿಷಯ ಹೋಯಿತು. ಅವರು ಒಳ್ಳೆಯ ಮನುಷ್ಯ, ಕಂಡದ್ದನ್ನು ಕಂಡ ಹಾಗೆ ಹೇಳಿದರು: ಆಕೆಗೆ ಗಂಡನ ಗುರುತು ಹೋಗಿದೆ, ಗೊತ್ತಿಲ್ಲದ ಗಂಡಸು ಹತ್ತಿರ ಬಂದು ಕೂರುತ್ತಾನೆಂದು ಹೆದರಿ ಊಟ ಬಿಟ್ಟಿದ್ದಾಳೆ, ಅಜ್ಜ ಹೊರಗಿರಲಿ, ನಾಳೆಯೂ ಉಣ್ಣದಿದ್ದರೆ ಮೂಗಿನಿಂದ ನಳಿಕೆ ಹಾಕೋಣ. ನಳಿಕೆ ಹಾಕಿದರೆ ಸಂಗವ್ವ ಕೀಳುತ್ತಾಳೆ, ಕಿತ್ತರೆ ಕೈ ಕಟ್ಟಬೇಕಾಗುತ್ತದೆ. ಎಷ್ಟೋ ವರ್ಷ ಸುತ್ತಿ ನಾವು ಮತ್ತೆ ಬ್ಯಾಂಡೇಜ್ ಬಟ್ಟೆಗೇ ಬಂದು ನಿಲ್ಲುತ್ತಿದ್ದೆವು.

ಗುರುತು ಹೋಗಿದೆ ಎಂಬುದನ್ನು ಅಮರಪ್ಪನವರಿಗೆ ಶಬಾನಾಳೇ ಹೇಳಿದಳು, ಹೇಳಿ ಬಂದು ಔಷಧದ ಕೋಣೆಯಲ್ಲಿ ಕಣ್ಣೊರೆಸಿಕೊಂಡಳು. ನಾನು ಹೊರಗೆ ಹೋದಾಗ ಅಮರಪ್ಪ ಬೇವಿನ ಮರದ ಕೆಳಗೆ ಕೂತಿದ್ದರು. ನನ್ನನ್ನು ಕಂಡು ಎದ್ದರು. ಕೂರಿಸಿ, ನಾನೂ ಕಟ್ಟೆಯ ಮೇಲೆ ಕೂತೆ. ತುರ್ವಿಹಾಳದಲ್ಲಿರುವ ಮಗಳಿಗೆ ಹೇಳಿಕಳಿಸಿದ್ದೇನೆ, ಇಲ್ಲಿಂದ ನೇರ ಆಕೆಯ ಮನೆಗೆ ಸಂಗವ್ವನನ್ನು ಕಳಿಸಿಬಿಡುತ್ತೇನೆ ಎಂದರು. ಮತ್ತೆ ನೀವು? ಎಂದು ಕೇಳಿದೆ. ತಾನು ಊರಲ್ಲೇ ಇರುವುದಾಗಿ ಹೇಳಿದರು. ಯಾಕೆ ಎಂದೆ.

"ಗುರುತ ಇಲ್ಲಂದ ಮ್ಯಾಲ ಆಕಿಗೆ ನಾ ಪರಗಂಡಸಲ್ರೀ ಸಿಸ್ಟರ? ಪರಗಂಡಸಿನ ಕೈಲೆ ಹೆಣ್ಮಗಳು ಮೈ ತೊಳಿಸ್ಕೋಬೇಕೇನು? ಎಷ್ಟು ದಿನದಿಂದ ಹಿಂಗ ಮರ್ಯಾದಿ ತಗೀತಿದ್ನೋ ಏನೋ, ನನಗ ತಿಳೀಲಿಲ್ಲ."

ಹೆಂಡತಿ ತನ್ನನ್ನು ಮರೆತಳು ಎಂದು ಅಳುವ ಗಂಡಂದಿರನ್ನು ಕಂಡಿದ್ದೆ. ಮರೆತ ಹೆಂಡತಿಯ ಮಾನ ಕಾಯಲು ಆಕೆಯನ್ನೇ ಬಿಟ್ಟುಕೊಡಲು ಹೊರಟವರನ್ನು ಕಂಡಿರಲಿಲ್ಲ. ಇವತ್ತೊಂದು ದಿನ ಯಾವುದನ್ನೂ ತೀರ್ಮಾನ ಮಾಡಬೇಡಿ ಎಂದಷ್ಟೇ ಹೇಳಿ ಒಳಗೆ ಬಂದೆ.

ಬಂದು ಸಂಗವ್ವನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಏನೂ ಕೇಳಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಸಂಗವ್ವ ಸೆರಗಿನ ಅಂಚು ತಿರುವುತ್ತಿದ್ದಳು. ಹನುಮೇಶ ಬಂದು ಬಿಪಿ ನೋಡಿದ. ತೋಳು ಚಾಚಿದಳು, ಸೆರಗು ಹೆಗಲಲ್ಲೇ ಇತ್ತು. ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪ್ ಹಿಡಿದರು. ಸೆರಗು ಹೆಗಲಲ್ಲೇ ಇತ್ತು, ಅವರ ಕೊರಳಲ್ಲಿನ ನಳಿಕೆಯನ್ನು ಹಿಡಿದು ಜಗ್ಗಿ ನೋಡಿದಳು ಕೂಡ. ಪಕ್ಕದ ಮಂಚದಾಕೆಯ ಅಳಿಯ ಹಣ್ಣು ತಂದುಕೊಟ್ಟು ಹೋದ. ಸಂಗವ್ವ ಅವನನ್ನು ಕಣ್ಣೆತ್ತಿ ನೋಡಿದಳು, ಹಣ್ಣನ್ನೂ ನೋಡಿದಳು. ಆಗ ಅಮರಪ್ಪ ಮರೆತುಹೋದ ರುಮಾಲು ತೆಗೆದುಕೊಳ್ಳಲು ಬಾಗಿಲವರೆಗೆ ಬಂದರು. ಒಳಗೆ ಬರಲು ಹಿಂಜರಿದು ಅಲ್ಲೇ ನಿಂತರು. ಸಂಗವ್ವನ ಕೈ ಸೆರಗಿಗೆ ಹೋಯಿತು, ಸೆರಗು ತಲೆಗೆ ಹೋಯಿತು.

ಅಪರಿಚಿತ ಗಂಡಸಿಗೆ ಹೆದರುವವಳಾದರೆ ಮೂವರಿಗೂ ಸೆರಗು ಹೊದೆಯಬೇಕಿತ್ತು. ಇಷ್ಟು ಗಂಡಸರ ನಡುವೆ ಈ ಒಬ್ಬನಿಗೇ ಯಾಕೆ?

ಔಷಧದ ಕೋಣೆಗೆ ಹೋಗಿ ಶಬಾನಾಳನ್ನು ಕೇಳಿದೆ, ನಿಮ್ಮ ಅಮ್ಮ ನಿಮ್ಮ ಅಬ್ಬಾನನ್ನು ಏನೆಂದು ಕರೆಯುತ್ತಾರೆ? ಆಕೆ, "ಶಬ್ಬೋ ಕೆ ಅಬ್ಬಾ, ಶಬ್ಬೋನ ಅಪ್ಪ ಅಂತಾರ್ರಿ" ಎಂದಳು. ಹೆಸರು ಹಿಡಿದು ಕರೆಯುವುದಿಲ್ಲವೇ ಎಂದೆ. "ಹೆಸರಾ? ಅಮ್ಮಿ ಸಾಯೂತನಾ ಹೇಳಂಗಿಲ್ರಿ" ಎಂದವಳು ತಟ್ಟನೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನ್ನ ಅವ್ವನೂ ಅಷ್ಟೆ, ಅಪ್ಪ ಎದುರಿಗೆ ಬಂದರೆ ಮರ್ಯಾದೆಗೆಂದು ಸೆರಗು ತಲೆಗೆ ಎಳೆದುಕೊಳ್ಳುತ್ತಿದ್ದಳು, ಅಪ್ಪನ ಹೆಸರು ಹೇಳದೆಯೇ ಬದುಕು ಮುಗಿಸಿದಳು. ರೇಶನ್ ಅಂಗಡಿಯಲ್ಲಿ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಹಿಂದೂ, ಮುಸ್ಲಿಂ, ಬೌದ್ಧ, ಈ ಒಂದು ವಿಷಯದಲ್ಲಿ ನಮ್ಮ ಕಡೆಯ ಹೆಂಗಸರದ್ದೆಲ್ಲ ಒಂದೇ ಮತ. ಮನೆಯಲ್ಲಿ ಹುಟ್ಟಿದಾಗಿನಿಂದ ಕಂಡ ಸಂಗತಿ ಯೂನಿಫಾರ್ಮ್ ಹಾಕಿದ ಕೂಡಲೇ ನಮಗೆಲ್ಲ ಮರೆತುಹೋಗಿತ್ತು. ಮರೆವಿನ ಕಾಯಿಲೆ ಯಾರಿಗೆ ಬಂದಿತ್ತು ಎಂದು ಕೇಳಿದರೆ ಏನು ಹೇಳುವುದು?

ಆದರೆ ಇದು ಊಹೆ ಮಾತ್ರ. ಗುರುತಿದ್ದೂ ಹೆಸರು ಹೇಳದಿರಬಹುದು, ನಿಜವಾಗಿ ಗುರುತು ಹೋಗಿಯೂ ಇರಬಹುದು. ತಿಳಿಯುವುದು ಹೇಗೆ? ಗಂಡನ ಹೆಸರು ಹೇಳಬಾರದು ಎಂಬ ಕಟ್ಟಳೆಗೆ ನಮ್ಮ ಹಿರಿಯರೇ ಒಂದು ಕಿಂಡಿ ಬಿಟ್ಟಿದ್ದಾರೆ, ಅದು ಒಡಪು. ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಕಟ್ಟಿ ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಹೇಳಿದ ಮೇಲೆ ಎಲ್ಲರೂ ನಗುತ್ತಾರೆ, ದಾರಿ ಬಿಡುತ್ತಾರೆ. ಆಮೇಲೆ ಆ ಹೆಸರು ಮತ್ತೆ ಬಾಯಿಗೆ ಬರುವುದು ಅಪರೂಪ.

ಸಂಜೆಯ ಊಟಕ್ಕೆ ಮೊದಲು ಆಯಾ ಸಂಗವ್ವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬರುತ್ತಿದ್ದಳು. ವಾರ್ಡಿನ ಬಾಗಿಲಲ್ಲಿ ಶಬಾನಾ ಚೌಕಟ್ಟಿಗೆ ಕೈ ಚಾಚಿ ಅಡ್ಡ ನಿಂತಳು. ಅಮರಪ್ಪನವರನ್ನು ಒಳಗೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದೆ. ಯಾಕೆಂದು ಅವರಿಗೆ ಹೇಳಿರಲಿಲ್ಲ. ಆಗದೆ ಹೋದರೆ ಆ ಮನುಷ್ಯನಿಗೆ ಎರಡನೆಯ ಸಲ ಪೆಟ್ಟು ಬೀಳುವುದು ನನಗೆ ಬೇಡವಾಗಿತ್ತು.

"ಹಂಗ ಬಿಡಂಗಿಲ್ಲವ್ವ," ಎಂದಳು ಶಬಾನಾ. "ಒಡಪು ಹೇಳು, ಒಳಗ ಬಾ."

ಸಂಗವ್ವ ನಿಂತಳು. ಅಡ್ಡ ಚಾಚಿದ ಕೈಯನ್ನು ನೋಡಿದಳು, ಕೆಳಗೆ ಹೊಸ್ತಿಲನ್ನು ನೋಡಿದಳು. ಮಂಚಗಳ ಮೇಲಿದ್ದ ಹೆಂಗಸರು ಇದೇನು ನಡೆದಿದೆ ಎಂದು ಎದ್ದು ಕೂತರು, ಒಬ್ಬಾಕೆ "ಹೇಳವಾ, ನಾಚಬ್ಯಾಡ" ಎಂದು ದನಿಗೂಡಿಸಿದಳು. ಸಂಗವ್ವನ ತುಟಿ ಅಲ್ಲಾಡಿತು, ನಿಂತಿತು. ಇಷ್ಟೇ, ಇನ್ನು ಬರುವುದಿಲ್ಲ ಎಂದುಕೊಂಡೆ. ಆಗ ಆಕೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ನೆಲ ನೋಡುತ್ತ, ಹುಡುಗಿಯ ದನಿಯಲ್ಲಿ ಹೇಳಿದಳು:

"ಜ್ವಾಳದ ರೊಟ್ಟಿಗೆ ಸಬ್ಬಸಗಿ ಸೊಪ್ಪ,
ಬ್ಯಾಳಿ ಕುದ್ದಮ್ಯಾಲ ಬೇಡ್ಯಾನ ತುಪ್ಪ,
ನನ್ನ ದಿನಾ ಕಾಡಾಂವ ಅಮರಪ್ಪ."

ವಾರ್ಡು ಘೊಳ್ಳೆಂದು ನಕ್ಕಿತು. ಸೊಂಟ ನೋವಿನವಳು, ಹೊಟ್ಟೆ ನೋವಿನವಳು ಎಲ್ಲರೂ ನಕ್ಕರು. ಶಬಾನಾ ನಗುತ್ತ ಅಳುತ್ತ ಕೈ ತೆಗೆದಳು. ಸಂಗವ್ವ ಬಲಗಾಲು ಮುಂದಿಟ್ಟು ಒಳಗೆ ಬಂದಳು. ಅಮರಪ್ಪ ಎದ್ದು ನಿಂತಿದ್ದರು. ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಆದರೂ ಊಟದ ಸಮಸ್ಯೆ ಉಳಿದಿತ್ತು. ಒಂದು ಎಳೆ ಸಿಕ್ಕ ಮೇಲೆ ಉಳಿದದ್ದು ಬಿಚ್ಚುವುದು ಕಷ್ಟವಾಗಲಿಲ್ಲ. ಮನೆಯಲ್ಲಿ ಹೇಗೆ ಉಣ್ಣುತ್ತೀರಿ ಎಂದು ಅಮರಪ್ಪನವರನ್ನು ಕೇಳಿದೆ. ತಾನು ಉಂಡ ಮೇಲೆ ಆಕೆ ಉಣ್ಣುತ್ತಾಳೆ, ಮೊದಲಿನಿಂದ ಹಾಗೇ ಎಂದರು. ಇಲ್ಲಿ? ಹೆಂಗಸರ ವಾರ್ಡಿನಲ್ಲಿ ಗಂಡಸರು ಉಣ್ಣುವಂತಿಲ್ಲ ಎಂಬ ನಿಯಮದಿಂದ ಅವರು ಹೊರಗೆ ಹೋಟೆಲಿನಲ್ಲಿ ಏನೋ ತಿಂದು ಬರುತ್ತಿದ್ದರು. ಸಂಗವ್ವನ ಕಣ್ಣಿಗೆ ಅವರು ಬಂದಾಗಿನಿಂದ ಒಂದು ತುತ್ತೂ ಉಂಡಿರಲಿಲ್ಲ.

ಗಂಡ ಉಂಡ ಮೇಲೆ ಹೆಂಡತಿ ಉಣ್ಣುವ ಈ ಪದ್ಧತಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಮನೆಯಲ್ಲಿ ಅದನ್ನು ಎಂದೋ ಕಿತ್ತು ಎಸೆದಿದ್ದೇನೆ. ಆದರೆ ಅದು ಸಂಗವ್ವನ ಜೊತೆ ವಾದ ಮಾಡುವ ಹೊತ್ತಲ್ಲ. ವಾರ್ಡಿನ ನಿಯಮವನ್ನು ಪಕ್ಕಕ್ಕಿಟ್ಟು, ಅಮರಪ್ಪನವರ ಕೈಗೆ ತಟ್ಟೆ ಕೊಟ್ಟು, ಆಕೆಯ ಎದುರಿಗೆ ಕೂತು ಉಣ್ಣಿರಿ ಎಂದೆ. ಅವರು ರೊಟ್ಟಿ ಮುರಿದು ಒಂದೊಂದೇ ತುತ್ತು ಉಂಡರು. ಸಂಗವ್ವ ಸೆರಗಿನ ಒಳಗಿನಿಂದ ನೋಡುತ್ತಿದ್ದಳು. ಅವರು ಕೈ ತೊಳೆದದ್ದೇ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಉಳಿದ ರೊಟ್ಟಿಯನ್ನು ತಾನೇ ಮುರಿದು, ಬೇಳೆಯಲ್ಲಿ ನೆನೆಸಿ, ನಿಧಾನವಾಗಿ ಉಂಡಳು. ನೇರ ಕೂತು ಉಣ್ಣುವ ಹಾಗೆ ಶಬಾನಾ ಬೆನ್ನಿಗೆ ದಿಂಬು ಕೊಟ್ಟಳು. ನಳಿಕೆಯ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ.

ಮರುದಿನ ಡಾಕ್ಟರು ನನ್ನನ್ನು ಕೇಳಿದರು: ಹಾಗಾದರೆ ಆಕೆಗೆ ಗಂಡನ ಗುರುತಿದೆ ಎನ್ನುತ್ತೀರಾ, ಅಥವಾ ಒಡಪು ಒಂದು ಅಭ್ಯಾಸವಾಗಿ ಉಳಿದಿದೆಯಾ? ಒಳ್ಳೆಯ ಪ್ರಶ್ನೆ. ಒಡಪಿನ ಅಮರಪ್ಪ ಬೇಳೆಗೆ ತುಪ್ಪ ಬೇಡುವ ಹುಡುಗ. ಸ್ಟೂಲಿನ ಮೇಲೆ ಕೂತವರು ಮುದುಕ. ಇಬ್ಬರೂ ಒಬ್ಬರೇ ಎಂದು ಆಕೆಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಸೆರಗಿಗೆ ಗೊತ್ತಿತ್ತು ಎಂದು ಮಾತ್ರ ಹೇಳಬಲ್ಲೆ, ಅದನ್ನೇ ಹೇಳಿದೆ. ಡಾಕ್ಟರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು.

ಆಮೇಲೆ ನಮ್ಮ ಪ್ರಶ್ನೆಗಳು ಬದಲಾದವು. ಗಂಡನ ಹೆಸರು ಕೇಳುವುದನ್ನು ಬಿಟ್ಟೆವು. ಬಂದ ದಿನವೇ ಮನೆಯವರ ಬಳಿ ಕೂತು ಕೇಳುತ್ತೇವೆ: ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರ ಮುಂದೆ ಸೆರಗು ಹೊದೆಯುತ್ತಾರೆ, ಯಾವ ಹೊತ್ತಿಗೆ ಎದ್ದು ಎಲ್ಲಿಗೆ ಹೊರಡುತ್ತಾರೆ, ಏನೆಂದು ಕರೆದರೆ ತಿರುಗುತ್ತಾರೆ. ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ನಿನ್ನೆಯವರೆಗೆ ಹೇಗಿದ್ದರು? ನಿನ್ನೆ ಸರಿಯಿದ್ದವರು ಇವತ್ತು ತಲೆತಪ್ಪಿ ಮಾತಾಡಿದರೆ ಅರಳು ಮರಳು ಎಂದು ಕೈ ತೊಳೆದುಕೊಳ್ಳಬೇಡಿ. ಉಚ್ಚೆ ಕಟ್ಟಿರಬಹುದು, ಮಲ ಕಟ್ಟಿರಬಹುದು, ಒಳಜ್ವರ ಇರಬಹುದು. ಎಷ್ಟೋ ಅಜ್ಜಂದಿರು ಹೆಣ್ಣು ನರ್ಸುಗಳ ಮುಂದೆ ಇದನ್ನು ಹೇಳಲು ನಾಚಿ, ನೋವು ತಡೆಯಲಾರದೆ ಹುಚ್ಚರ ಹಾಗೆ ಆಡಿದ್ದನ್ನು ಕಂಡಿದ್ದೇನೆ. ಮೊದಲು ಹೊಟ್ಟೆ ಮುಟ್ಟಿ ನೋಡಿ.

ಸಂಗವ್ವ ತುರ್ವಿಹಾಳಕ್ಕೆ ಹೋಗಲಿಲ್ಲ. ಅವರು ಹೊರಡುವ ದಿನ ಮಗಳು ಬಂದಿದ್ದಳು, ಬರಿಗೈಲೇ ಹಿಂದಿರುಗಿದಳು. ಆಟೋ ಹತ್ತುವ ಮೊದಲು ಅಮರಪ್ಪ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದರು, "ಸಿಸ್ಟರ, ಮನಿ ಬಾಗಲಕ ನಿಂತು ಕೇಳಿದ್ರ ಮತ್ತ ಹೇಳ್ತಾಳೇನ್ರಿ?" ನೀವು ಕೇಳಿದರೆ ಹೇಳುವುದಿಲ್ಲ, ಗಂಡನಿಗೆ ಯಾರಾದರೂ ಒಡಪು ಹೇಳುತ್ತಾರೆಯೇ, ಬೇರೆಯವರು ಕೇಳಬೇಕು ಎಂದೆ. "ಹಂಗಾದ್ರ ನೀವ ಬರ್ರಿ" ಎಂದರು.

ನಿವೃತ್ತಳಾದ ಮೇಲೆ ಒಂದು ದಿನ ಹೋದೆ. ಸಂತೆಕಲ್ಲೂರಿನಲ್ಲಿ ಅವರ ಮನೆಯ ಅಂಗಳದಲ್ಲಿ ಸೊಸೆ ಜೋಳ ಹಸನು ಮಾಡುತ್ತಿದ್ದಳು. ಸಂಗವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು, ಬಹಳ ಇಳಿದುಹೋಗಿದ್ದಳು. ಈಗ ಮಾತೇ ಇಲ್ಲ ಎಂದಳು ಸೊಸೆ. ನಾನು ಕೈ ಹಿಡಿದು ಎಬ್ಬಿಸಿ ಬಾಗಿಲವರೆಗೆ ನಡೆಸಿ, ಚೌಕಟ್ಟಿಗೆ ಕೈ ಅಡ್ಡ ಇಟ್ಟೆ. ಒಡಪು ಹೇಳವ್ವ ಎಂದೆ. ಸಂಗವ್ವ ನನ್ನ ಮುಖ ನೋಡಿದಳು, ಕೈ ನೋಡಿದಳು, ಹೊಸ್ತಿಲು ನೋಡಿದಳು. ಏನೂ ಬರಲಿಲ್ಲ. ಇನ್ನೊಮ್ಮೆ ಕೇಳಿದೆ, ಏನೂ ಬರಲಿಲ್ಲ. ಬಂದು ತಪ್ಪು ಮಾಡಿದೆನೇನೋ ಎನಿಸಿ ಕೈ ಕೆಳಗಿಳಿಸಿದೆ.

ನನ್ನ ದನಿ ಕೇಳಿ ಅಮರಪ್ಪ ಒಳಗಿನಿಂದ ಬಂದರು, ಕೈಯಲ್ಲಿ ಬಾಚಣಿಗೆ. ಅವರು ನಡುಮನೆ ದಾಟುವಷ್ಟರಲ್ಲಿ ಸಂಗವ್ವನ ಕೈ ಎದ್ದಿತು. ತಡವರಿಸುತ್ತ, ದಾರಿ ತಪ್ಪುತ್ತ, ಕೊನೆಗೆ ಸೆರಗಿನ ಅಂಚು ಹಿಡಿದು ಅದನ್ನು ತಲೆಯ ಮೇಲೆ ತಂದಿತು.

"ಹೇಳಿದ್ಲು ನೋಡ್ರಿ ಸಿಸ್ಟರ," ಎಂದರು ಅಮರಪ್ಪ.